ದುಬಾರಿ ಸಿಡ್ನಿಯಲ್ಲಿ ಕಡಿಮೆ ಖರ್ಚಿನ ಹತ್ತು ದಿನ

ಪ್ರವಾಸದ ಬಗ್ಗೆ ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಆಸ್ಟ್ರೇಲಿಯಾದ ಸಿಡ್ನಿ ನಗರಕ್ಕೆ ಸಂಬಂಧಿಸಿದವುಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಉತ್ತರಗಳಲ್ಲಿ ಬರುವ ಡಾಲರ್ ಎಂದರೆ ಆಸ್ಟ್ರೇಲಿಯಾದ ಡಾಲರ್. ಅದರ ಬೆಲೆ ಅರವತ್ತು ರೂಪಾಯಿಯ ಆಸುಪಾಸಿನಲ್ಲಿದೆ ಎಂದು ಹಿಡಿದುಕೊಂಡು ಲೆಕ್ಕ ಹಾಕಲಾಗಿದೆ.

ಪ್ರಶ್ನೆ: ನಾನು ಮತ್ತು ನನ್ನ ಗೆಳೆಯ ಸೆಪ್ಟೆಂಬರ್ ತಿಂಗಳಲ್ಲಿ ಹತ್ತು ದಿನಗಳ ಮಟ್ಟಿಗೆ ಸಿಡ್ನಿಗೆ ಹೋಗಬೇಕೆಂದಿದ್ದೇವೆ. ವಿಮಾನದ ಟಿಕೆಟ್ಟು ಮತ್ತು ವೀಸಾ ಖರ್ಚನ್ನು ಹೊರತುಪಡಿಸಿ ತಲಾ 65,000 ರೂಪಾಯಿ ಮಾತ್ರ ನಮ್ಮ ಕೈಯಲ್ಲಿದೆ. ಹೋಗಿಬಂದ ಪರಿಚಿತರು ಇಷ್ಟು ಹಣದಲ್ಲಿ ಅಲ್ಲಿ ನಾಲ್ಕು ದಿನವೂ ಕಳೆಯಲಾಗದು ಎನ್ನುತ್ತಾರೆ. ನಮ್ಮ ಯೋಚನೆಯನ್ನೇ ಕೈಬಿಡಬೇಕೆ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಕೈಬಿಡಬೇಕಾಗಿಲ್ಲ. ನಿಮ್ಮ ಪರಿಚಿತರು ಹೇಳಿದ್ದು ಸುಳ್ಳೆಂದಲ್ಲ. ಹೋಟೆಲಿನಲ್ಲಿ ಕೋಣೆ ಹಿಡಿದು, ಮೂರು ಹೊತ್ತೂ ಹೊರಗೆ ಉಂಡು, ಪ್ರವಾಸಿ ಕಂಪನಿಗಳು ಮಾರುವ ಟಿಕೆಟ್ಟುಗಳನ್ನೆಲ್ಲ ಕೊಂಡರೆ ಅವರು ಹೇಳಿದಂತೆಯೇ ಆಗುತ್ತದೆ. ಆದರೆ ಸಿಡ್ನಿಯಲ್ಲಿ ನೋಡಲೇಬೇಕಾದದ್ದು ಅಲ್ಲಿನ ಬಂದರಿನ ನೀರು, ಅದರ ಸುತ್ತಲಿನ ಬಂಡೆಗಳು ಮತ್ತು ಹೊರಗಿನ ಸಾಗರದ ದಂಡೆ. ಇವೆಲ್ಲ ಬಹುಮಟ್ಟಿಗೆ ಸಾರ್ವಜನಿಕ ಜಾಗಗಳು. ಬೇಲಿ ಹಾಕಿ ಶುಲ್ಕ ಕೇಳುವವರಿಲ್ಲ. ಅಲ್ಲಿ ನಿಜಕ್ಕೂ ದುಬಾರಿಯಾದದ್ದು ರಾತ್ರಿ ಮಲಗುವ ಹಾಸಿಗೆ. ಆದ್ದರಿಂದ ನಿಮ್ಮ ಹಣದ ಅರ್ಧಕ್ಕಿಂತ ಹೆಚ್ಚು ಪಾಲು ಹಾಸಿಗೆಗೇ ಹೋಗುತ್ತದೆಂದು ಮೊದಲೇ ಒಪ್ಪಿಕೊಂಡು, ಉಳಿದದ್ದನ್ನು ಅದರ ಸುತ್ತ ಹೊಂದಿಸಿಕೊಳ್ಳಿ.

65,000 ರೂಪಾಯಿ ಎಂದರೆ ಸುಮಾರು 1,080 ಡಾಲರ್. ಕಡಿಮೆ ಖರ್ಚಿನ ಪ್ರವಾಸಿಗರು ತಂಗುವ ಬ್ಯಾಕ್‌ಪ್ಯಾಕರ್ ಹಾಸ್ಟೆಲ್‌ಗಳಲ್ಲಿ ಆರೆಂಟು ಜನರು ಮಲಗುವ ಡಾರ್ಮಿಟರಿಯ ಒಂದು ಹಾಸಿಗೆಗೆ ರಾತ್ರಿಗೆ 40ರಿಂದ 70 ಡಾಲರ್ ಬೀಳುತ್ತದೆ. ಸರಾಸರಿ 55 ಎಂದಿಟ್ಟುಕೊಂಡರೆ ಹತ್ತು ರಾತ್ರಿಗೆ 550. ಅಡುಗೆ ಮಾಡಿಕೊಳ್ಳುವ ಮನಸ್ಸಿದ್ದರೆ ಊಟ ತಿಂಡಿಗೆ ದಿನಕ್ಕೆ 25 ಡಾಲರ್ ಸಾಕು, ಅದು 250. ಬಸ್ಸು, ರೈಲು, ಫೆರಿಗೆಂದು 90 ತೆಗೆದಿಡಿ. ಮಿಕ್ಕ 190 ಡಾಲರಿನಲ್ಲಿ ಪ್ರವಾಸ ವಿಮೆ, ಫೋನಿನ ಸಿಮ್ಮು, ವಿಮಾನ ನಿಲ್ದಾಣದ ಓಡಾಟ, ಒಂದೆರಡು ಒಳ್ಳೆಯ ಊಟ ಮುಗಿಯಬೇಕು. ಬಿಗಿಯಾದ ಲೆಕ್ಕವೇ ಹೌದು, ಆದರೆ ಆಗದ ಲೆಕ್ಕವಲ್ಲ.

ಹಾಸಿಗೆಯ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಊರಿನಿಂದ ದೂರದಲ್ಲಿ ರಾತ್ರಿಗೆ ಹತ್ತು ಡಾಲರ್ ಕಡಿಮೆಗೆ ಸಿಗುತ್ತದೆಂದು ಹೋದರೆ ಆ ಹತ್ತು ಡಾಲರ್ ಬಸ್ಸಿಗೂ ರೈಲಿಗೂ ಕರಗಿ, ದಿನಕ್ಕೆ ಎರಡು ಗಂಟೆಯೂ ಅದರ ಜತೆ ಹೋಗುತ್ತದೆ. ಸೆಂಟ್ರಲ್ ರೈಲು ನಿಲ್ದಾಣದ ಸುತ್ತಮುತ್ತ, ಹೇಮಾರ್ಕೆಟ್‌ನಲ್ಲಿ, ಕಿಂಗ್ಸ್ ಕ್ರಾಸ್ ಮತ್ತು ಪಾಟ್ಸ್ ಪಾಯಿಂಟ್ ಬಡಾವಣೆಗಳಲ್ಲಿ ಹಾಸ್ಟೆಲ್‌ಗಳು ಹೆಚ್ಚು. ಮೊದಲ ಸಲ ಹೋಗುವವರಿಗೆ ಸೆಂಟ್ರಲ್ ಸುತ್ತಲಿನ ಜಾಗವೇ ಅನುಕೂಲ. ಬಹುತೇಕ ರೈಲುಗಳು ಅಲ್ಲಿಂದ ಸಿಗುತ್ತವೆ, ಬಂದರಿನ ದಂಡೆಗೆ ಅರ್ಧ ಗಂಟೆಯಲ್ಲಿ ನಡೆದೇ ಹೋಗಬಹುದು. ದಿ ರಾಕ್ಸ್ ಎಂಬ ಹಳೆಯ ಬಡಾವಣೆಯಲ್ಲಿ ಯೂತ್ ಹಾಸ್ಟೆಲ್ ಸಂಸ್ಥೆಯ ಒಂದು ಕಟ್ಟಡವಿದೆ. ವಸಾಹತು ಕಾಲದ ಮನೆಗಳ ಅವಶೇಷಗಳು ಅಗೆತದಲ್ಲಿ ಸಿಕ್ಕ ನೆಲದ ಮೇಲೆ, ಅವುಗಳಿಗೆ ಧಕ್ಕೆಯಾಗದಂತೆ ಕಂಬಗಳನ್ನೆತ್ತಿ ಅದನ್ನು ಕಟ್ಟಿದ್ದಾರೆ. ಅದರ ತಾರಸಿಯಿಂದ ಸಂಗೀತ, ನಾಟಕಗಳು ನಡೆಯುವ ಒಪೆರಾ ಹೌಸ್ ಮತ್ತು ಬಂದರಿನ ಮೇಲಿನ ಸೇತುವೆ ಹಾರ್ಬರ್ ಬ್ರಿಜ್ ಎರಡೂ ಕಾಣುತ್ತವೆ. ದರ ಬೇರೆಡೆಗಿಂತ ಹೆಚ್ಚೆಂಬುದು ನಿಜ. ಹತ್ತೂ ರಾತ್ರಿ ಅಲ್ಲಿ ತಂಗುವುದು ನಿಮ್ಮ ಕಿಸೆಗೆ ಭಾರ, ಎರಡು ರಾತ್ರಿಯಾದರೆ ಅಡ್ಡಿಯಿಲ್ಲ. ಎಲ್ಲಿ ಉಳಿದರೂ ಮೂರು ಸಂಗತಿಗಳನ್ನು ಕೇಳಿ ತಿಳಿದುಕೊಳ್ಳಿ: ಅಡುಗೆಮನೆ ಇದೆಯೇ, ಲಾಕರಿಗೆ ಬೀಗ ನಾವೇ ತರಬೇಕೆ, ಹೊರಡುವ ದಿನ ಸಾಮಾನು ಇಟ್ಟುಹೋಗಲು ಹಣ ಕೇಳುತ್ತಾರೆಯೇ. ಹಾಸ್ಟೆಲ್ ಅಡುಗೆಮನೆಗಳಲ್ಲಿ, ಊರು ಬಿಡುವವರು ಮಿಕ್ಕ ಅಕ್ಕಿ, ಪಾಸ್ತಾ, ಎಣ್ಣೆ, ಉಪ್ಪುಗಳನ್ನು ಬಿಟ್ಟುಹೋಗುವ ಒಂದು ಕಪಾಟು ಸಾಮಾನ್ಯವಾಗಿ ಇರುತ್ತದೆ. ಅದರಿಂದ ತೆಗೆದುಕೊಳ್ಳುವುದಕ್ಕೆ ಸಂಕೋಚ ಬೇಡ. ಅದು ಇರುವುದೇ ಅದಕ್ಕಾಗಿ.

ಶುಕ್ರವಾರ ಮತ್ತು ಶನಿವಾರ ರಾತ್ರಿ ಹಾಸಿಗೆಯ ದರ ಏರುತ್ತದೆ. ಇದಕ್ಕೆ ತದ್ವಿರುದ್ಧವಾಗಿ ಓಡಾಟದ ದರ ಅದೇ ದಿನಗಳಲ್ಲಿ ಇಳಿಯುತ್ತದೆ. ಸಿಡ್ನಿಯ ರೈಲು, ಮೆಟ್ರೊ, ಬಸ್ಸು, ಲೈಟ್ ರೈಲು ಮತ್ತು ಸರಕಾರಿ ಫೆರಿ ಎಲ್ಲಕ್ಕೂ ಓಪಲ್ ಎಂಬ ಒಂದೇ ವ್ಯವಸ್ಥೆಯಿದ್ದು, ಅದರಲ್ಲಿ ಒಂದು ದಿನಕ್ಕೆ ಇಷ್ಟಕ್ಕಿಂತ ಹೆಚ್ಚು ಹಣ ಕತ್ತರಿಸಬಾರದೆಂಬ ಮಿತಿಯಿದೆ. ಸೋಮವಾರದಿಂದ ಗುರುವಾರದವರೆಗೆ ಆ ಮಿತಿ 19 ಡಾಲರಿನ ಆಸುಪಾಸು. ಶುಕ್ರವಾರ, ಶನಿವಾರ, ಭಾನುವಾರ ಮತ್ತು ಸಾರ್ವಜನಿಕ ರಜಾದಿನಗಳಲ್ಲಿ ಅದರ ಅರ್ಧ. ಸೋಮವಾರದಿಂದ ಭಾನುವಾರದವರೆಗಿನ ಇಡೀ ವಾರಕ್ಕೆ 50 ಡಾಲರ್ ಮಿತಿ. ಮ್ಯಾನ್ಲಿ ಕಡಲತೀರಕ್ಕೆ ಹೋಗುವ ಫೆರಿಯ ಒಂದು ಕಡೆಯ ಟಿಕೆಟ್ಟೇ ಒಂಬತ್ತು ಡಾಲರಿನ ಹತ್ತಿರವಿರುವುದರಿಂದ, ಭಾನುವಾರ ಬೆಳಿಗ್ಗೆ ಅದನ್ನು ಹತ್ತಿದಿರೆಂದರೆ ಆ ದಿನದ ಉಳಿದ ಪ್ರಯಾಣವೆಲ್ಲ ಹೆಚ್ಚುಕಡಿಮೆ ಬಿಟ್ಟಿ. ಇದಕ್ಕಾಗಿ ಬೇರೆ ಕಾರ್ಡು ಕೊಳ್ಳಲೇಬೇಕೆಂದಿಲ್ಲ. ವಿದೇಶಿ ಹಣ ತುಂಬಿಸಿಕೊಂಡ, ಕಾಂಟ್ಯಾಕ್ಟ್‌ಲೆಸ್ ಸೌಲಭ್ಯವಿರುವ ನಿಮ್ಮ ಫೋರೆಕ್ಸ್ ಕಾರ್ಡನ್ನೇ ಯಂತ್ರಕ್ಕೆ ತೋರಿಸಬಹುದು. ಆದರೆ ಒಬ್ಬೊಬ್ಬರಿಗೆ ಒಂದೊಂದು ಕಾರ್ಡು ಬೇಕು, ಹತ್ತುವಾಗಲೂ ಇಳಿಯುವಾಗಲೂ ಅದೇ ಕಾರ್ಡನ್ನು ತೋರಿಸಬೇಕು. ಇಳಿಯುವಾಗ ಮರೆತರೆ ಆ ಮಾರ್ಗದ ಗರಿಷ್ಠ ದರ ಹೋಗುತ್ತದೆ.

ಹಾಗೆಂದು ಅಗ್ಗದ ಓಡಾಟದ ಆಸೆಗೆ ಎರಡು ವಾರಾಂತ್ಯಗಳು ಸೇರುವಂತೆ ಟಿಕೆಟ್ಟು ಮಾಡಿಸಬೇಡಿ. ಓಡಾಟದಲ್ಲಿ ಉಳಿದದ್ದು ಹಾಸಿಗೆಗೆ ಹೋಗುತ್ತದೆ. ಒಂದೇ ವಾರಾಂತ್ಯ ಬರುವಂತೆ ನೋಡಿಕೊಂಡು, ದೂರದ ಪ್ರಯಾಣಗಳನ್ನು ಶುಕ್ರವಾರದಿಂದ ಭಾನುವಾರದೊಳಗೆ, ಕಾಲ್ನಡಿಗೆಯ ಸುತ್ತಾಟವನ್ನು ಉಳಿದ ದಿನಗಳಿಗೆ ಇಟ್ಟುಕೊಳ್ಳುವುದು ಜಾಣತನ. ಅದರಲ್ಲೂ ಶುಕ್ರವಾರವನ್ನು ಬ್ಲೂ ಮೌಂಟನ್ಸ್ ಬೆಟ್ಟಸಾಲಿಗೆ ಮೀಸಲಿಡಿ. ದರ ವಾರಾಂತ್ಯದ್ದು, ಜನಸಂದಣಿ ವಾರದ ನಡುವಿನದು. ಸೆಂಟ್ರಲ್‌ನಿಂದ ಕಟೂಂಬಾ ಊರಿಗೆ ರೈಲಿನಲ್ಲಿ ಸುಮಾರು ಎರಡು ಗಂಟೆ. ಅಲ್ಲಿ ಇಳಿದು ಅರ್ಧ ಗಂಟೆ ನಡೆದರೆ ಎಕೋ ಪಾಯಿಂಟ್. ತ್ರೀ ಸಿಸ್ಟರ್ಸ್ ಎಂಬ ಮೂರು ಬಂಡೆಗಳೂ ಅವುಗಳ ಹಿಂದಿನ ಕಣಿವೆಯೂ ಯಾವ ಶುಲ್ಕವೂ ಇಲ್ಲದೆ ಕಾಣಸಿಗುತ್ತವೆ. ಇದೇ ಜಾಗಕ್ಕೆ ನಗರದಿಂದ ಬಸ್ಸಿನಲ್ಲಿ ಕರೆದೊಯ್ಯುವವರು ನೂರಕ್ಕೂ ಹೆಚ್ಚು ಡಾಲರ್ ಕೇಳುತ್ತಾರೆ. ಕಟೂಂಬಾ ಸುಮಾರು ಸಾವಿರ ಮೀಟರ್ ಎತ್ತರದಲ್ಲಿದೆ. ಸೆಪ್ಟೆಂಬರಿನಲ್ಲೂ ಬೆಳಗಿನ ಚಳಿ ಕೊರೆಯುತ್ತದೆ, ಸ್ವೆಟರ್ ಮರೆಯಬೇಡಿ.

ವಿಮಾನ ನಿಲ್ದಾಣದಲ್ಲಿ ಇಳಿದೊಡನೆ ಕಾದಿರುವ ಖರ್ಚಿನ ಬಗ್ಗೆಯೂ ಹೇಳಬೇಕು. ನಿಲ್ದಾಣದೊಳಗಿನ ರೈಲು ಹದಿನೈದು ನಿಮಿಷದೊಳಗೆ ಸೆಂಟ್ರಲ್ ಮುಟ್ಟಿಸುತ್ತದೆ, ನಿಜ. ಆದರೆ ಮಾಮೂಲಿ ಟಿಕೆಟ್ಟಿನ ಮೇಲೆ 17 ಡಾಲರಿಗೂ ಹೆಚ್ಚಿನ ನಿಲ್ದಾಣ ಶುಲ್ಕ ಸೇರುತ್ತದೆ. ಮೇಲೆ ಹೇಳಿದ ದಿನದ ಮಿತಿ ಈ ಶುಲ್ಕಕ್ಕೆ ಅನ್ವಯಿಸುವುದಿಲ್ಲ. ಪಕ್ಕದ ಮ್ಯಾಸ್ಕಾಟ್ ಮತ್ತು ವಾಲೈ ಕ್ರೀಕ್ ನಿಲ್ದಾಣಗಳಲ್ಲಿ ಇದು ಇಲ್ಲ. ಟರ್ಮಿನಲ್ ಹೊರಗೆ ಸಿಗುವ 420ನೇ ನಂಬರಿನ ಬಸ್ಸು ಹಿಡಿದು ಮ್ಯಾಸ್ಕಾಟ್‌ಗೆ ಹೋಗಿ ಅಲ್ಲಿಂದ ರೈಲು ಹತ್ತಿದರೆ ಹೋಗಿ ಬರುವುದರಲ್ಲಿ ಇಬ್ಬರಿಗೂ ಸೇರಿ ಸುಮಾರು 70 ಡಾಲರ್ ಉಳಿಯುತ್ತದೆ. ಬೆನ್ನಚೀಲ ಒಂದೇ ಇದ್ದವರಿಗೆ ಇದು ಕಷ್ಟವೇನಲ್ಲ. ರಾತ್ರಿ ಬಹಳ ಹೊತ್ತಾಗಿ ಇಳಿದರೆ ಮಾತ್ರ ಈ ಸಾಹಸ ಬೇಡ, ರೈಲಿನಲ್ಲೇ ಹೋಗಿ.

ನೀವು ಆಯ್ದುಕೊಂಡ ತಿಂಗಳು ಚೆನ್ನಾಗಿದೆ. ಅಲ್ಲಿ ಸೆಪ್ಟೆಂಬರ್ ಎಂದರೆ ವಸಂತದ ಆರಂಭ. ದಕ್ಷಿಣಕ್ಕೆ ಮರಳುವ ಹಂಪ್‌ಬ್ಯಾಕ್ ತಿಮಿಂಗಿಲಗಳು ಆ ತಿಂಗಳುಗಳಲ್ಲಿ ಕರಾವಳಿಯ ಹತ್ತಿರವೇ ಹಾದುಹೋಗುತ್ತವೆ. ದೋಣಿಯ ಟಿಕೆಟ್ಟು ಕೊಳ್ಳದೆ ಮ್ಯಾನ್ಲಿಯ ಪಕ್ಕದ ನಾರ್ತ್ ಹೆಡ್ ಬಂಡೆಯ ಮೇಲೆ ಕುಳಿತು ತಾಳ್ಮೆಯಿಂದ ದಿಟ್ಟಿಸಿದರೆ ಅವು ಚಿಮ್ಮಿಸುವ ನೀರಾದರೂ ಕಾಣುವ ಸಂಭವವಿದೆ. ಡಿಸೆಂಬರ್ ಕೊನೆಯ ವಾರದಲ್ಲಿ, ಹೊಸವರ್ಷದ ಪಟಾಕಿಗಾಗಿ ಜಗತ್ತೇ ಅಲ್ಲಿ ನೆರೆದಾಗ, ಇದೇ ಹಾಸಿಗೆಗೆ ಎರಡು ಮೂರು ಪಟ್ಟು ಕೇಳುತ್ತಾರೆ. ಮೇ, ಜೂನ್ ತಿಂಗಳಲ್ಲಿ ವಿವಿಡ್ ದೀಪೋತ್ಸವ ನಡೆಯುವ ವಾರಗಳಲ್ಲೂ ದರ ಏರುತ್ತದೆ.

ಪ್ರಶ್ನೆ: ನಮ್ಮದು ಕಡಲ ತಡಿಯ ಊರು. ಮರಳು, ಅಲೆ ನಮಗೆ ಹೊಸದಲ್ಲ. ಸಿಡ್ನಿಗೆ ಹೊರಟಿರುವ ನನ್ನ ಮಗ ಚೆನ್ನಾಗಿ ಈಜಬಲ್ಲವನು. ಅಷ್ಟು ದೂರ ಹೋದವನು ಹಣ ಕೊಟ್ಟು ನೋಡಲೇಬೇಕಾದದ್ದು ಯಾವುದು, ಕೊಡಬಾರದ್ದು ಯಾವುದು?
— ಓದುಗರೊಬ್ಬರು, ಕುಂದಾಪುರ

ಉತ್ತರ: ಕೊಡಬಾರದ್ದರಿಂದಲೇ ಆರಂಭಿಸೋಣ. 1932ರಲ್ಲಿ ತೆರೆದ ಹಾರ್ಬರ್ ಬ್ರಿಜ್‌ನ ಉಕ್ಕಿನ ಕಮಾನಿನ ಮೇಲೆ ಹಗ್ಗ ಕಟ್ಟಿ ಹತ್ತಿಸುವುದಕ್ಕೆ ನೂರಾರು ಡಾಲರ್ ತೆಗೆದುಕೊಳ್ಳುತ್ತಾರೆ. ಅದೇ ಸೇತುವೆಯ ಪೂರ್ವದ ಬದಿಯಲ್ಲಿ ಪಾದಚಾರಿಗಳಿಗೆಂದು ದಾರಿಯಿದೆ, ಅದಕ್ಕೆ ಕಾಸಿಲ್ಲ. ದಿ ರಾಕ್ಸ್‌ನ ಕಂಬರ್‌ಲ್ಯಾಂಡ್ ಬೀದಿಯಲ್ಲಿ ಮೆಟ್ಟಿಲು ಹತ್ತಿದರೆ ಸೇತುವೆಯ ಮೇಲಿರುತ್ತೀರಿ. ಎಡಗಡೆ ವಾಹನಗಳ ಸದ್ದು, ಬಲಗಡೆ ತಂತಿಜಾಲರಿಯಾಚೆ ಒಪೆರಾ ಹೌಸ್. ಜಾಲರಿಯ ಕಿಂಡಿಗೆ ಫೋನಿನ ಕ್ಯಾಮರಾ ಒತ್ತಿ ಹಿಡಿದರೆ ಚಿತ್ರಕ್ಕೆ ತಂತಿ ಅಡ್ಡ ಬರುವುದಿಲ್ಲ. ಆಚೆಯ ಮಿಲ್ಸನ್ಸ್ ಪಾಯಿಂಟ್‌ನಲ್ಲಿ ಇಳಿದು ರೈಲಿನಲ್ಲಿ ಮರಳಬಹುದು.

ಒಪೆರಾ ಹೌಸ್‌ನ ಒಳಗಡೆ ತೋರಿಸುವ ಪ್ರವಾಸಕ್ಕೆ 40 ಡಾಲರಿಗೂ ಹೆಚ್ಚು. ವಾಸ್ತುಶಿಲ್ಪದಲ್ಲಿ ವಿಶೇಷ ಆಸಕ್ತಿ ಇದ್ದರೆ ಕೊಡಲಿ, ಇಲ್ಲವಾದರೆ ಹೊರಗಿನ ಮೆಟ್ಟಿಲುಗಳೇ ಸಾಕು. ದೂರದಿಂದ ಅಚ್ಚ ಬಿಳಿಯಾಗಿ ತೋರುವ ಆ ಚಾವಣಿಯನ್ನು ಹತ್ತಿರ ನಿಂತು ನೋಡಿದರೆ ಅದು ಬಿಳಿಯಲ್ಲವೆಂಬುದು ತಿಳಿಯುತ್ತದೆ: ಹೊಳಪಿನ ಬಿಳಿ ಹೆಂಚುಗಳೂ ಮಂಕಾದ ಕೆನೆಬಣ್ಣದ ಹೆಂಚುಗಳೂ ಪಟ್ಟಿಪಟ್ಟಿಯಾಗಿ ಕೂಡಿವೆ, ಒಟ್ಟು ಹತ್ತು ಲಕ್ಷಕ್ಕೂ ಮೇಲೆ. ಡೆನ್ಮಾರ್ಕಿನ ಯೋರ್ನ್ ಉಟ್ಸನ್ ಮಾಡಿದ ಈ ವಿನ್ಯಾಸಕ್ಕೆ ಮೊದಲು ಅಂದಾಜು ಮಾಡಿದ್ದು 70 ಲಕ್ಷ ಡಾಲರ್. 1973ರಲ್ಲಿ ಉದ್ಘಾಟನೆಯಾಗುವ ಹೊತ್ತಿಗೆ ಅದು 10 ಕೋಟಿ ದಾಟಿತ್ತು, ಜಗಳವಾಡಿ 1966ರಲ್ಲೇ ಕೆಲಸ ಬಿಟ್ಟ ಉಟ್ಸನ್ ಮುಗಿದ ಕಟ್ಟಡವನ್ನು ಕಣ್ಣಾರೆ ನೋಡಲೇ ಇಲ್ಲ. ಖರ್ಚಿನ ಬಹುಪಾಲು ಬಂದದ್ದು ಸರಕಾರಿ ಲಾಟರಿಯಿಂದ, ಎಂದರೆ ಜನಸಾಮಾನ್ಯರ ಕಿಸೆಯಿಂದ. ಹಾಗಾಗಿ ಬುತ್ತಿ ಬಿಚ್ಚಿಕೊಂಡು ಅದರ ಮುಂದೆ ಕೂರಲು ಯಾರೂ ಹಿಂಜರಿಯಬೇಕಾಗಿಲ್ಲ; ಬುತ್ತಿಗೆ ಎರಗುವ ಸೀಗಲ್ ಹಕ್ಕಿಗಳ ಬಗ್ಗೆ ಮಾತ್ರ ಎಚ್ಚರವಿರಲಿ. ಅಲ್ಲಿಂದ 1816ರಲ್ಲಿ ಸ್ಥಾಪನೆಯಾದ ಸಸ್ಯೋದ್ಯಾನದ ಅಂಚಿನಲ್ಲೇ ನಡೆದು ಮಿಸೆಸ್ ಮ್ಯಾಕ್ವಾರೀಸ್ ಚೇರ್ ಎಂಬ, ಬಂಡೆಯಲ್ಲಿ ಕೊರೆದ ಆಸನದ ಬಳಿ ಹೋದರೆ ಸೇತುವೆಯೂ ಒಪೆರಾ ಹೌಸೂ ಒಂದೇ ನೋಟಕ್ಕೆ ಸಿಗುತ್ತವೆ. ಮಳೆ ಬಂದ ದಿನ ಆರ್ಟ್ ಗ್ಯಾಲರಿಗೋ ಆಸ್ಟ್ರೇಲಿಯನ್ ಮ್ಯೂಸಿಯಮ್ಮಿಗೋ ಹೋಗಲಿ, ಎರಡಕ್ಕೂ ಸಾಮಾನ್ಯ ಪ್ರವೇಶ ಉಚಿತ.

ಹಣ ಕೊಡಬೇಕಾದದ್ದು ಮ್ಯಾನ್ಲಿ ಫೆರಿಗೆ. ಬಂದರನ್ನು ತೋರಿಸುವ ಖಾಸಗಿ ವಿಹಾರ ನೌಕೆಗಳು ಅದಕ್ಕಿಂತ ಹಲವು ಪಟ್ಟು ದುಬಾರಿ, ಆದರೆ ಸಾಗುವ ನೀರು ಅದೇ. ಸರ್ಕ್ಯುಲರ್ ಕೀ ಧಕ್ಕೆಯಿಂದ ಹೊರಡುವ ಹಸಿರು–ಹಳದಿ ಬಣ್ಣದ ಸರಕಾರಿ ಫೆರಿಯನ್ನೇ ಹತ್ತಲಿ. ಅದೇ ಮಾರ್ಗದಲ್ಲಿ ಓಡುವ ಖಾಸಗಿ ವೇಗದ ದೋಣಿಯ ದರ ಬೇರೆ, ಅದಕ್ಕೆ ಓಪಲ್ ಮಿತಿ ಅನ್ವಯಿಸುವುದಿಲ್ಲ. ಹೋಗುವಾಗ ಬಲಬದಿಯ ಹೊರಗಿನ ಬೆಂಚು ಹಿಡಿದರೆ ಮೊದಲು ಒಪೆರಾ ಹೌಸ್ ಪಕ್ಕದಲ್ಲೇ ಸರಿಯುತ್ತದೆ. ಅರ್ಧ ದಾರಿ ಕಳೆದ ಮೇಲೆ ಎರಡು ಬಂಡೆಮುಖಗಳ ನಡುವೆ ಬಂದರು ಸಾಗರಕ್ಕೆ ತೆರೆದುಕೊಳ್ಳುವ ಜಾಗ ಬರುತ್ತದೆ. ಗಾಳಿಯ ದಿನವಾದರೆ ಅಲ್ಲಿ ಅಷ್ಟು ದೊಡ್ಡ ಹಡಗೂ ಎದ್ದು ಕೂತಂತೆ ಓಲಾಡಿ, ಮುಂಭಾಗದ ಡೆಕ್ಕಿನಲ್ಲಿ ನಿಂತವರ ಬಟ್ಟೆಯೆಲ್ಲ ತೊಯ್ಯುತ್ತದೆ. ದೋಣಿಯ ಒಡನಾಟವಿರುವ ನಿಮ್ಮ ಮಗನಿಗೆ ಇದು ಇಷ್ಟವಾಗುವುದರಲ್ಲಿ ಸಂದೇಹವಿಲ್ಲ.

ಈಜಿನ ವಿಷಯದಲ್ಲಿ ತಂದೆತಾಯಿಯರಾದ ನಿಮ್ಮ ಮಾತನ್ನು ಅವನು ಕೇಳುತ್ತಾನೆಂಬ ನಂಬಿಕೆಯಿಂದ ಬರೆಯುತ್ತಿದ್ದೇವೆ. ಸಿಡ್ನಿಯ ಹೊರಗಡಲಿನ ತೀರಗಳಲ್ಲಿ ದಂಡೆಗೆ ಬಂದ ನೀರು ಕಿರಿದಾದ ಕಾಲುವೆಯಂತೆ ಕೂಡಿಕೊಂಡು ರಭಸದಿಂದ ಕಡಲಿಗೆ ಮರಳುವ ಸೆಳೆತಗಳಿವೆ. ಅಲೆ ಒಡೆಯದೆ ಶಾಂತವಾಗಿ, ಸ್ವಲ್ಪ ಕಪ್ಪಾಗಿ ಕಾಣುವ ನೀರೇ ಆ ಸೆಳೆತವಿರುವ ಜಾಗ. ಹೊಸಬರು ಅದನ್ನೇ ಸುರಕ್ಷಿತವೆಂದು ಭಾವಿಸಿ ಇಳಿಯುತ್ತಾರೆ. ಜೀವರಕ್ಷಕರು ಪ್ರತಿದಿನ ನೀರನ್ನು ನೋಡಿ ಕೆಂಪು–ಹಳದಿ ಬಾವುಟಗಳನ್ನು ನೆಡುತ್ತಾರೆ. ಈಜುವುದಿದ್ದರೆ ಆ ಎರಡು ಬಾವುಟಗಳ ನಡುವೆ ಮಾತ್ರ. ಸೆಳೆತಕ್ಕೆ ಸಿಕ್ಕರೆ ದಂಡೆಯ ಕಡೆ ನೇರವಾಗಿ ಈಜಿ ದಣಿಯದೆ, ಮೇಲೆ ತೇಲಿಕೊಂಡು ಕೈಯೆತ್ತಿ ಸಹಾಯ ಕೇಳಬೇಕು. ಇದಕ್ಕಿಂತ ನೆಮ್ಮದಿಯದು ಬಂಡೆಯಂಚಿನಲ್ಲಿ ಸಮುದ್ರದ ನೀರು ತುಂಬುವಂತೆ ಕಟ್ಟಿದ ಕೊಳಗಳು. ಬೊಂಡೈ ತೀರದಿಂದ ಕೂಜಿ ತೀರದವರೆಗಿನ ಸುಮಾರು ಆರು ಕಿಲೋಮೀಟರಿನ ಬಂಡೆಯಂಚಿನ ಕಾಲುದಾರಿ ಇಡೀ ನಗರದಲ್ಲೇ ಅತ್ಯುತ್ತಮವಾದ ಉಚಿತ ದಾರಿ. ಅದರ ನಡುವೆ ಸಿಗುವ ಬ್ರಾಂಟಿಯ ಕೊಳಕ್ಕೆ ಶುಲ್ಕವಿಲ್ಲ. ಬೊಂಡೈನಲ್ಲಿ ಎಲ್ಲರೂ ಚಿತ್ರ ತೆಗೆಯುವ ಪ್ರಸಿದ್ಧ ಕೊಳಕ್ಕೆ ಟಿಕೆಟ್ಟಿದೆ. ಚಿತ್ರವನ್ನು ಮೇಲಿನ ರಸ್ತೆಯಿಂದ ತೆಗೆದುಕೊಂಡು ಬ್ರಾಂಟಿಯಲ್ಲಿ ನೀರಿಗಿಳಿಯಲಿ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಮನೆಯಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಮತ್ತು ಪರಿಚಯದವರಿಗೆ ಕೊಡಲು ಪೇಢೆ ಒಯ್ಯಬಹುದೇ? ಅಲ್ಲಿ ಕಡಿಮೆ ಖರ್ಚಿನಲ್ಲಿ ಹೊಟ್ಟೆ ತುಂಬುವ ಊಟ ಎಲ್ಲಿ ಸಿಗುತ್ತದೆ?
— ಓದುಗರೊಬ್ಬರು, ಧಾರವಾಡ

ಉತ್ತರ: ಪೇಢೆಯನ್ನು ಒಯ್ಯಬೇಡಿ. ದನಕರುಗಳ ಕಾಲುಬಾಯಿ ರೋಗ ತಮ್ಮ ದೇಶಕ್ಕೆ ಕಾಲಿಡಬಾರದೆಂದು ಆಸ್ಟ್ರೇಲಿಯಾ ಬಹಳ ಕಟ್ಟುನಿಟ್ಟಾಗಿದ್ದು, ಆ ರೋಗವಿರುವ ದೇಶಗಳಿಂದ ಹಾಲಿನ ಪದಾರ್ಥ ತರುವುದಕ್ಕೆ ಬಿಡುವುದಿಲ್ಲ. ನಮ್ಮ ದೇಶ ಆ ಪಟ್ಟಿಯಲ್ಲಿದೆ. ಖೋವಾದ ಸಿಹಿ ಯಾವುದೇ ಇರಲಿ, ವಿಮಾನ ನಿಲ್ದಾಣದ ಕಸದ ಡಬ್ಬಿ ಸೇರುತ್ತದೆ. ಹಸಿ ಕರಿಬೇವು, ಹಣ್ಣು, ತರಕಾರಿಗೂ ಅದೇ ಗತಿ. ರೊಟ್ಟಿ, ಚಟ್ನಿಪುಡಿಗಳ ವಿಷಯ ಬೇರೆ. ಚೆನ್ನಾಗಿ ಒಣಗಿದ, ಅಂಗಡಿಯಲ್ಲಿ ಮುಚ್ಚಿ ಲೇಬಲ್ ಹಚ್ಚಿದ ಪೊಟ್ಟಣವಾದರೆ ಒಳ್ಳೆಯದು. ಎಲ್ಲಕ್ಕಿಂತ ಮುಖ್ಯವಾಗಿ, ಇಳಿಯುವ ಮೊದಲು ಭರ್ತಿ ಮಾಡುವ ಆಗಮನ ಚೀಟಿಯಲ್ಲಿ ಆಹಾರ ಇದೆಯೇ ಎಂದು ಕೇಳಿದಲ್ಲಿ ಹೌದೆಂದು ಗುರುತು ಹಾಕಿ, ಚೀಲ ಬಿಚ್ಚಿ ತೋರಿಸಿ. ಹೇಳಿ ತೋರಿಸಿದ ಪದಾರ್ಥ ನಿಷಿದ್ಧವಾಗಿದ್ದರೆ ಅದನ್ನು ತೆಗೆದುಕೊಂಡು ನಿಮ್ಮನ್ನು ಕಳುಹಿಸುತ್ತಾರೆ. ಮುಚ್ಚಿಟ್ಟದ್ದು ಸಿಕ್ಕಿಬಿದ್ದರೆ ದಂಡ ಸಾವಿರಾರು ಡಾಲರಿನವರೆಗೂ ಹೋಗಬಹುದು, ವೀಸಾ ರದ್ದಾಗುವುದೂ ಉಂಟು. ಹತ್ತು ದಿನದ ಬಜೆಟ್ಟು ಅಲ್ಲಿಯೇ ಮುಗಿದುಹೋಗುತ್ತದೆ.

ಊಟಕ್ಕೆ ಹ್ಯಾರಿಸ್ ಪಾರ್ಕ್ ಎಂಬ ಪಶ್ಚಿಮದ ಬಡಾವಣೆಯನ್ನು ನೆನಪಿಟ್ಟುಕೊಳ್ಳಿ. ವಿಗ್ರಮ್ ಬೀದಿಯ ಉದ್ದಕ್ಕೂ ಭಾರತೀಯ ಊಟದ ಮನೆಗಳು, ದೋಸೆ, ಚಾಟ್, ಸಿಹಿತಿಂಡಿಯ ಅಂಗಡಿಗಳು, ಬೇಳೆ ಹಿಟ್ಟು ಮಾರುವ ಕಿರಾಣಿ ಅಂಗಡಿಗಳು ಸಾಲಾಗಿವೆ. ಸಂಜೆಯಾದರೆ ಕುಟುಂಬಗಳು ಬಂದು ಬೀದಿಯ ಬದಿಯ ಮೇಜುಗಳೆಲ್ಲ ತುಂಬುತ್ತವೆ. ಅಗ್ಗವೆಂದರೆ ನಮ್ಮ ಖಾನಾವಳಿಯ ಅಗ್ಗವಲ್ಲ. ನಗರದ ನಡುವಿನ ಭಾರತೀಯ ಹೋಟೆಲುಗಳಿಗಿಂತ ಕಡಿಮೆ, ಬಡಿಸುವುದು ಧಾರಾಳ. ಅಲ್ಲಿಗೆ ಹೋಗುವುದನ್ನೇ ಒಂದು ವಿಹಾರವಾಗಿ ಮಾಡಿಕೊಳ್ಳಬಹುದು. ಭಾನುವಾರ ಸರ್ಕ್ಯುಲರ್ ಕೀಯಿಂದ ಪ್ಯಾರಮಾಟಾ ನದಿಯ ಫೆರಿ ಹತ್ತಿದರೆ ಸುಮಾರು ಒಂದೂವರೆ ಗಂಟೆ ನೀರಿನ ಮೇಲೆ. ಮೊದಲು ಸೇತುವೆಯ ಅಡಿ, ಆಮೇಲೆ ದಂಡೆಯ ಮನೆಗಳ ಹಿತ್ತಿಲು, ಕೊನೆಗೆ ಮ್ಯಾಂಗ್ರೋವ್ ಗಿಡಗಳ ನಡುವಿನ ಕಿರಿದಾದ ನದಿ. ಪ್ಯಾರಮಾಟಾದಲ್ಲಿ ಇಳಿದು ಹ್ಯಾರಿಸ್ ಪಾರ್ಕ್‌ಗೆ ನಡೆದು ಹೋಗಿ, ಉಂಡು, ಬೇಳೆ ಮಸಾಲೆ ಕೊಂಡು ರೈಲಿನಲ್ಲಿ ಹಿಂತಿರುಗಿದರೆ ದಿನದ ಪ್ರಯಾಣವೆಲ್ಲ ಅದೇ ವಾರಾಂತ್ಯದ ಮಿತಿಯೊಳಗೆ ಮುಗಿಯುತ್ತದೆ. ಇಳಿತದ ಹೊತ್ತಿನಲ್ಲಿ ನದಿಯಲ್ಲಿ ನೀರು ಸಾಲದೆ ಫೆರಿ ಕೊನೆಯವರೆಗೆ ಹೋಗದಿರುವುದುಂಟು, ಅಂತಹ ಹೊತ್ತಿನಲ್ಲಿ ಉಳಿದ ದಾರಿಗೆ ಬಸ್ಸು ಸಿಗುತ್ತದೆ.

ದಿನನಿತ್ಯದ ಅಡುಗೆಗೆ ಆಲ್ಡಿ, ಕೋಲ್ಸ್, ವೂಲ್‌ವರ್ತ್ಸ್ ಅಂಗಡಿಗಳಿವೆ. ಮುಚ್ಚುವ ಹೊತ್ತಿಗೆ ಬ್ರೆಡ್ಡು, ಹಣ್ಣು, ಮೊಸರುಗಳ ಮೇಲೆ ಇಳಿಸಿದ ದರದ ಚೀಟಿ ಅಂಟಿಸುತ್ತಾರೆ. ಹೇಮಾರ್ಕೆಟ್‌ನ ಪ್ಯಾಡೀಸ್ ಮಾರುಕಟ್ಟೆಯಲ್ಲಿ ತರಕಾರಿ ಅಗ್ಗ, ಸಂತೆ ಎದ್ದುಹೋಗುವ ಹೊತ್ತಿಗೆ ಇನ್ನೂ ಅಗ್ಗ. ನಲ್ಲಿ ನೀರು ಕುಡಿಯಲು ಯೋಗ್ಯ. ಬಾಟಲಿ ನೀರಿಗೆ ಮೂರು ನಾಲ್ಕು ಡಾಲರ್ ಕೊಡುವುದು ದಂಡ. ಉದ್ಯಾನಗಳಲ್ಲೂ ಕಡಲ ತೀರಗಳಲ್ಲೂ ನಗರಸಭೆಯವರು ಇಟ್ಟ ವಿದ್ಯುತ್ ಒಲೆಗಳಿವೆ. ಗುಂಡಿ ಒತ್ತಿದರೆ ಅಗಲವಾದ ಉಕ್ಕಿನ ತಟ್ಟೆ ಕಾಯುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ಆರುತ್ತದೆ, ಮತ್ತೆ ಒತ್ತಬೇಕು, ಹಣ ಕೊಡಬೇಕಾಗಿಲ್ಲ. ಆದರೆ ನಿಮಗಿಂತ ಮೊದಲು ಬಂದವರು ಅದರ ಮೇಲೆ ಮಾಂಸ ಬೇಯಿಸಿರುವುದು ಬಹುತೇಕ ಖಚಿತ. ದಪ್ಪನೆಯ ಅಲ್ಯೂಮಿನಿಯಂ ಹಾಳೆ ಹಾಸಿಕೊಂಡರೂ ಮನಸ್ಸು ಒಪ್ಪದಿದ್ದರೆ ಹಾಸ್ಟೆಲ್‌ನಲ್ಲೇ ನಿಮ್ಮದೊಂದು ಸಣ್ಣ ಪಾತ್ರೆ ಇಟ್ಟುಕೊಂಡು ಅನ್ನ ಸಾರು ಮಾಡಿಕೊಳ್ಳುವುದು ಲೇಸು.

ಪ್ರಶ್ನೆ: ಹಾಸ್ಟೆಲ್‌ನಲ್ಲಿ ದಿನಕ್ಕೆರಡು ಗಂಟೆ ಕಸ ಗುಡಿಸಿಕೊಟ್ಟರೆ ಹಾಸಿಗೆ ಉಚಿತವಾಗಿ ಸಿಗುತ್ತದೆಂದು ಕೇಳಿದ್ದೇನೆ. ಪ್ರವಾಸಿ ವೀಸಾದಲ್ಲಿ ಹೋದ ನನ್ನಂಥ ಪದವೀಧರನು ಹೀಗೆ ಮಾಡಬಹುದೇ?
— ಓದುಗರೊಬ್ಬರು, ಮೈಸೂರು

ಉತ್ತರ: ಮಾಡಬಾರದು. ಕೈಗೆ ಹಣ ಬರದಿದ್ದರೂ ಹಾಸಿಗೆಗೆ ಬದಲಾಗಿ ಮಾಡುವ ದುಡಿಮೆಯನ್ನು ಅಲ್ಲಿ ಕೆಲಸವೆಂದೇ ಪರಿಗಣಿಸುತ್ತಾರೆ. ಪ್ರವಾಸಿ ವೀಸಾದಲ್ಲಿ ಕೆಲಸಕ್ಕೆ ಅನುಮತಿಯಿಲ್ಲ. ಆದರೆ ನಿಮಗೆ ಬೇರೊಂದು ದಾರಿಯಿದೆ. ಭಾರತ ಮತ್ತು ಆಸ್ಟ್ರೇಲಿಯಾ ನಡುವಿನ ವ್ಯಾಪಾರ ಒಪ್ಪಂದದಂತೆ, 18ರಿಂದ 30 ವರ್ಷದೊಳಗಿನ ಭಾರತೀಯರಿಗೆ ದುಡಿಯುತ್ತ ಒಂದು ವರ್ಷ ಪ್ರವಾಸ ಮಾಡಲು ಅವಕಾಶ ಕೊಡುವ 462ನೇ ಉಪವರ್ಗದ ವೀಸಾ 2024ರಲ್ಲಿ ಆರಂಭವಾಯಿತು. ವರ್ಷಕ್ಕೆ 1,000 ಸ್ಥಾನಗಳು ಮಾತ್ರ, ಆಯ್ಕೆ ಲಾಟರಿಯಿಂದ. ಹೆಸರು ನೋಂದಾಯಿಸಲು 25 ಡಾಲರ್. ಹೆಸರು ಬಂದರೆ ಶಿಕ್ಷಣದ, ಇಂಗ್ಲಿಷ್ ಜ್ಞಾನದ ಮತ್ತು ಖಾತೆಯಲ್ಲಿರುವ ಹಣದ ದಾಖಲೆಗಳನ್ನು ಕೊಟ್ಟು ಅರ್ಜಿ ಹಾಕಬೇಕು. ನೋಂದಣಿ ಇಡೀ ವರ್ಷ ತೆರೆದಿರುವುದಿಲ್ಲವಾದ್ದರಿಂದ ಆಸ್ಟ್ರೇಲಿಯಾದ ಗೃಹ ಇಲಾಖೆಯ ಅಧಿಕೃತ ಪ್ರಕಟಣೆಯನ್ನೇ ಗಮನಿಸುತ್ತಿರಿ. ನಿಮ್ಮ ಹೆಸರು ಬರುವಂತೆ ಮಾಡಿಸುತ್ತೇವೆಂದು ಹೇಳಿ ಹಣ ಕೇಳುವ ಯಾವ ಮಧ್ಯವರ್ತಿಯನ್ನೂ ನಂಬಬೇಡಿ.

ಪ್ರಶ್ನೆ: ಸಿಡ್ನಿಯ ವೆಂಟ್‌ವರ್ತ್‌ವಿಲ್ ಎಂಬಲ್ಲಿ ನಮ್ಮ ದೊಡ್ಡಮ್ಮನ ಮಗ ಸಂಸಾರ ಸಮೇತ ಇದ್ದಾನೆ. ಅವನ ಮನೆಯಲ್ಲೇ ಉಳಿಯುವುದೋ, ನಗರದ ನಡುವೆ ಹಾಸ್ಟೆಲ್ ಹಿಡಿಯುವುದೋ?
— ಓದುಗರೊಬ್ಬರು, ತುಮಕೂರು

ಉತ್ತರ: ಅವರು ಕರೆದಿದ್ದರೆ ಮನೆಯಲ್ಲೇ ಉಳಿಯಿರಿ. ಹತ್ತು ರಾತ್ರಿಯ ಹಾಸಿಗೆಯೆಂದರೆ 550 ಡಾಲರ್, ಅದು ಸಣ್ಣ ಮೊತ್ತವಲ್ಲ. ಆ ಬಡಾವಣೆಯಲ್ಲಿ ರೈಲು ನಿಲ್ದಾಣವಿದೆ, ಮುಕ್ಕಾಲು ಗಂಟೆಯ ಆಸುಪಾಸಿನಲ್ಲಿ ಸೆಂಟ್ರಲ್ ಸೇರಬಹುದು. ವಾರದ ದಿನಗಳಲ್ಲಿ ಬೆಳಿಗ್ಗೆ ಹತ್ತರ ನಂತರ ಹೊರಟರೆ ರೈಲಿನ ದರ ಶೇ. 30ರಷ್ಟು ಕಡಿಮೆ, ಎಲ್ಲರೂ ಕೆಲಸಕ್ಕೂ ಶಾಲೆಗೂ ಹೊರಡುವ ಹೊತ್ತಿನಲ್ಲಿ ಮನೆಯವರಿಗೆ ನಿಮ್ಮಿಂದ ತೊಡಕೂ ಆಗುವುದಿಲ್ಲ. ಬೊಂಡೈ, ಮ್ಯಾನ್ಲಿ ಕಡೆಯ ತೀರಗಳು ಮಾತ್ರ ಅಲ್ಲಿಂದ ದೂರ. ಸೂರ್ಯೋದಯವನ್ನು ಕಡಲ ದಂಡೆಯಲ್ಲಿ ನೋಡುವ ಆಸೆಯಿದ್ದರೆ ಒಂದೆರಡು ರಾತ್ರಿ ಕೂಜಿಯಲ್ಲೋ ಮ್ಯಾನ್ಲಿಯಲ್ಲೋ ಹಾಸ್ಟೆಲ್ ಹಿಡಿಯಿರಿ. ನಿಮ್ಮ ಅಣ್ಣನನ್ನು ಕಾರಿನಲ್ಲಿ ಊರು ಸುತ್ತಿಸಲು ಕೇಳಿಕೊಳ್ಳಬೇಡಿ. ನಗರದೊಳಗೆ ಕಾರು ನಿಲ್ಲಿಸುವುದಕ್ಕೆ ಗಂಟೆಗಳ ಲೆಕ್ಕದಲ್ಲಿ ತೆರಬೇಕಾದ ಹಣ ನಿಮ್ಮ ಮೂರು ದಿನದ ಊಟದ ಖರ್ಚಿಗಿಂತ ಹೆಚ್ಚಾದೀತು, ಅದನ್ನು ಅವರು ನಿಮ್ಮಿಂದ ತೆಗೆದುಕೊಳ್ಳುವುದೂ ಇಲ್ಲ.